ಮಗುವಿನ ಜೀವನಾಂಶ: ಕೋರ್ಟ್ ಆ ಲೆಕ್ಕ ಹಾಕೋದು ಹೇಗೆ?

"ಪಗಾರದಾಗ ಕಾಲು ಪಾಲು ಹೋದಂಗ ಬಿಡ್ರಿ." ಗಂಡ-ಹೆಂಡತಿ ಬೇರೆಯಾದ ಸುದ್ದಿ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ. ಒಂದು ಮಗು ಇದ್ದರೆ ಇಷ್ಟು ಪರ್ಸೆಂಟ್, ಎರಡಿದ್ದರೆ ಇಷ್ಟು ಅಂತ ರೇಟು ಹೇಳುವವರೂ ಸಿಗುತ್ತಾರೆ. ಆದರೆ ನಮ್ಮ ಕಾನೂನಿನ ಯಾವ ಪುಟದಲ್ಲೂ ಅಂಥ ರೇಟು ಇಲ್ಲ.

ಹಾಗಾದರೆ ಈ ಇಪ್ಪತ್ತೈದು ಪರ್ಸೆಂಟ್ ಎಲ್ಲಿಂದ ಬಂತು? 2017ರಲ್ಲಿ ಪಶ್ಚಿಮ ಬಂಗಾಳದ ದಂಪತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಗಂಡನ ಕೈಗೆ ಬರುವ ಪಗಾರದ ಶೇ. 25ರಷ್ಟು ಕೊಟ್ಟರೆ ಅದು ಹೆಂಡತಿಗೆ ನ್ಯಾಯವಾದ ಮೊತ್ತ ಎಂದು ಹೇಳಿತು. 1970ರ ತನ್ನದೇ ಒಂದು ಹಳೇ ತೀರ್ಪನ್ನು ಅದಕ್ಕೆ ಆಧಾರ ಮಾಡಿಕೊಂಡಿತ್ತು. ಆ 25ರ ಮಾತು ಇದ್ದದ್ದು ಹೆಂಡತಿಯ ಜೀವನಾಂಶದ ಬಗ್ಗೆ, ಮಗುವಿನ ಬಗ್ಗೆ ಅಲ್ಲ. ಅದೇ ಕೇಸಿನಲ್ಲಿ ಗಂಡ ಎರಡನೇ ಮದುವೆಯಾಗಿ ಹೊಸ ಸಂಸಾರ ಇದೆ ಅನ್ನೋ ಕಾರಣಕ್ಕೆ ಹೈಕೋರ್ಟ್ ಕೊಟ್ಟಿದ್ದ 23,000 ರೂಪಾಯಿಯನ್ನು 20,000ಕ್ಕೆ ಇಳಿಸಿದ್ದೂ ಇದೇ ಸುಪ್ರೀಂ ಕೋರ್ಟ್. ಅಂದರೆ ಆ 25 ಕೂಡ ಕಲ್ಲಿನಲ್ಲಿ ಕೆತ್ತಿದ್ದೇನಲ್ಲ.

ಹೊರದೇಶಗಳಲ್ಲಿ ಫಾರ್ಮುಲಾ ಇದೆ, ನಿಜ. ಬ್ರಿಟನ್ನಿನಲ್ಲಿ ಕೊಡಬೇಕಾದವರ ಒಟ್ಟು ಆದಾಯ ವಾರಕ್ಕೆ 800 ಪೌಂಡ್ ತನಕ ಇದ್ದರೆ ಒಂದು ಮಗುವಿಗೆ ಶೇ. 12, ಎರಡಕ್ಕೆ 16, ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 19. ಮಗು ವರ್ಷಕ್ಕೆ 52 ರಾತ್ರಿ ಅವರ ಮನೆಯಲ್ಲಿ ಮಲಗಿದರೆ ಅದರಲ್ಲಿ ಏಳನೇ ಒಂದು ಭಾಗ ಕಡಿಮೆ. ರಾತ್ರಿಗಳನ್ನೂ ಎಣಿಸುತ್ತಾರೆ ನೋಡಿ! ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಮಗುವಿಗೆ 17, ಎರಡಕ್ಕೆ 25. ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಕಾಣೋದು ಇಂಥವೇ. ಅದನ್ನು ಓದಿಕೊಂಡು ಹುಬ್ಬಳ್ಳಿ ವಿದ್ಯಾನಗರದ ಕೋರ್ಟಿಗೆ ಹೋದರೆ ಉಪಯೋಗವಿಲ್ಲ.

ನಮ್ಮಲ್ಲಿ ದಾರಿಗಳು ಮೂರ್ನಾಲ್ಕಿವೆ. ಎಲ್ಲ ಧರ್ಮದವರಿಗೂ ಇರೋದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ಕ್ಕೆ ಮುಂಚೆ ಇದೇ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) 125ನೇ ಕಲಂ ಆಗಿತ್ತು, ಕೋರ್ಟಿನ ವರಾಂಡದಲ್ಲಿ ಈಗಲೂ "ಒನ್ ಟ್ವೆಂಟಿ ಫೈವ್ ಹಾಕೇವಿ" ಅನ್ನೋ ಮಾತೇ ಕೇಳುತ್ತದೆ. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ. ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಇದೆ. ಹೊಡೆತ-ಬಡಿತ, ಕಿರುಕುಳ ಇದ್ದಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲೂ ಮಗುವಿನ ಖರ್ಚು ಕೇಳಬಹುದು. ಮುಸ್ಲಿಂ ತಂದೆಯ ಹೊಣೆ ತಲಾಖ್ ಆದ ಮೇಲೂ ಮಕ್ಕಳ ವಿಷಯದಲ್ಲಿ ಮುಗಿಯೋದಿಲ್ಲ, 125ನೇ ಕಲಮಿನಲ್ಲಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. 2001ರ ತನಕ ಆ 125ರಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಕೊಡಿಸುವ ಹಾಗೇ ಇರಲಿಲ್ಲ. ಆ ಮಿತಿ ಈಗಿಲ್ಲ.

ಯಾವ ದಾರಿಯಲ್ಲಿ ಹೋದರೂ ಲೆಕ್ಕ ಶುರುವಾಗೋದು ಮಗುವಿನ ಖರ್ಚಿನಿಂದ. ತಂದೆಯ ಪಗಾರ ಆಮೇಲೆ. ಬಹಳ ಜನ ಎಡವೋದು ಇಲ್ಲೇ, ಆದ್ದರಿಂದ ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ.

ತಂದೆ ತಾರಿಹಾಳದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಅಂತಿಟ್ಟುಕೊಳ್ಳಿ. ತಾಯಿ ಧಾರವಾಡದಲ್ಲಿ ಖಾಸಗಿ ಶಾಲೆಯ ಟೀಚರ್, ತನ್ನ ಅವ್ವನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಮಗಳು ಎರಡನೇ ಕ್ಲಾಸು. ಶಾಲೆಯ ಫೀ ವರ್ಷಕ್ಕೆ 36,000, ತಿಂಗಳಿಗೆ 3,000 ಬಿತ್ತು. ಸ್ಕೂಲ್ ಆಟೋ 1,200. ಯೂನಿಫಾರ್ಮ್, ಬೂಟು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 9,600, ತಿಂಗಳಿಗೆ 800. ಊಟ, ಹಾಲು, ಹಣ್ಣು 3,500. ಔಷಧಿ ಸರಾಸರಿ 800. ಸಂಗೀತದ ಕ್ಲಾಸು 700, ಧಾರವಾಡದಲ್ಲಿದ್ದು ಅದನ್ನು ಬಿಡಿಸೋಕಾಗುತ್ತಾ! ಬಟ್ಟೆಬರೆ, ಹಬ್ಬ, ಚಿಲ್ಲರೆ ಖರ್ಚು 1,000. ಇನ್ನು ಮನೆ ಬಾಡಿಗೆ 7,500, ಮೂರು ಜನ ಇರೋ ಮನೆ, ಅದರಲ್ಲಿ ಮಗಳ ಪಾಲು 2,500. ಎಲ್ಲ ಕೂಡಿಸಿದರೆ 13,500.

ಬಾಡಿಗೆಯ ಪಾಲನ್ನು ಬರೆಯೋದು ಎಷ್ಟೋ ಜನರಿಗೆ ಹೊಳೆಯೋದೇ ಇಲ್ಲ. ಫೀ ರಸೀದಿಯೊಂದನ್ನು ಹಿಡಿದುಕೊಂಡು ಬರುತ್ತಾರೆ. ಮಗು ಶಾಲೆಯಲ್ಲಿ ಮಾತ್ರ ಇರುತ್ತದಾ? ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ. ಜಾಸ್ತಿ ಕೇಳಿದರೆ ಅರ್ಧವಾದರೂ ಸಿಗುತ್ತದೆ ಅಂತ ಎರಡನೇ ಕ್ಲಾಸಿನ ಮಗುವಿಗೆ ತಿಂಗಳಿಗೆ 40,000 ಬರೆಯೋದು. ಪಾಟೀಸವಾಲಿನಲ್ಲಿ ಎದುರು ವಕೀಲರು ಒಂದೊಂದೇ ಬಿಲ್ ಕೇಳುತ್ತಾ ಹೋದ ಹಾಗೆ ಆ ಲೆಕ್ಕ ಕುಸಿಯುತ್ತದೆ, ಅದರ ಜೊತೆ ನಿಜವಾದ ಖರ್ಚಿನ ಮೇಲಿದ್ದ ನಂಬಿಕೆಯೂ ಹೋಗುತ್ತದೆ. ನನ್ನ ಕೇಳಿದರೆ, ರಸೀದಿ ಇರುವ 13,500 ರೂಪಾಯಿಗೆ ಇರುವ ಬೆಲೆ ಬಾಯಿಮಾತಿನ 40,000ಕ್ಕೆ ಇಲ್ಲ.

ಈಗ ತಂದೆಯ ಕಡೆ ಬನ್ನಿ. ಅವನ ಪೇ ಸ್ಲಿಪ್‌ನಲ್ಲಿ ಒಟ್ಟು 46,000 ಇದೆ. ವೃತ್ತಿ ತೆರಿಗೆ 200, ಪಿ.ಎಫ್. 1,800, ಸೊಸೈಟಿ ಸಾಲದ ಕಂತು 9,000, ಎಲ್.ಐ.ಸಿ. 3,000 ಹೋಗಿ ಕೈಗೆ ಬರೋದು 32,000. "ನನ್ನ ಕೈಯಾಗ ಬರೂದ ಮೂವತ್ತೆರಡ್ರಿ ಸಾಹೇಬ್ರ" ಅಂತಾನೆ. ಸುಳ್ಳೇನಲ್ಲ. ಆದರೆ ಕೋರ್ಟ್ ಆ ಮೂವತ್ತೆರಡನ್ನು ಹಾಗೇ ಒಪ್ಪಿಕೊಳ್ಳೋದಿಲ್ಲ. ಕಡ್ಡಾಯವಾಗಿ ಸರ್ಕಾರಕ್ಕೆ ಹೋಗುವ ತೆರಿಗೆ ಬೇರೆ, ತಾನಾಗಿ ಮಾಡಿಕೊಂಡ ಸಾಲ ಬೇರೆ. ಸಾಲದ ಕಂತು ತೋರಿಸಿ ಮಗುವಿನ ಪಾಲು ಕಡಿಮೆ ಮಾಡೋಕೆ ಬಿಟ್ಟರೆ, ನೋಟಿಸು ಬಂದ ಮರುದಿನವೇ ಎಲ್ಲರೂ ಕಾರ್ ಲೋನ್ ತೆಗೆಯುತ್ತಿದ್ದರು ಅಲ್ವಾ? 2024ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆದಾಯ ತೆರಿಗೆ ಮತ್ತು ವೃತ್ತಿ ತೆರಿಗೆಯನ್ನು ಮಾತ್ರ ಕಳೆಯಬಹುದು, ಪಿ.ಎಫ್., ಪಗಾರದಲ್ಲೇ ಹಿಡಿದುಕೊಳ್ಳುವ ಮನೆ ಬಾಡಿಗೆ, ಫರ್ನಿಚರ್ ಹಣ ಇಂಥದ್ದನ್ನು ಕಳೆದು ಆದಾಯ ಕಡಿಮೆ ತೋರಿಸುವ ಹಾಗಿಲ್ಲ ಎಂದು ಒಬ್ಬ ಬ್ಯಾಂಕ್ ನೌಕರರ ಕೇಸಿನಲ್ಲಿ ಹೇಳಿತು. 1970ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಪಿ.ಎಫ್. ಕಳೆಯೋಕೆ ಅವಕಾಶ ಇತ್ತು, ಹಾಗಾಗಿ ಈ ಒಂದು ವಿಷಯದಲ್ಲಿ ವಕೀಲರ ಜಗ್ಗಾಟ ಇದ್ದೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಹೈಕೋರ್ಟಿನ ದಾರಿಯಲ್ಲೇ ಹೋಗೋಣ. ತಂದೆಯ ಆದಾಯ 45,800.

ತಾಯಿಗೂ 15,000 ಪಗಾರ ಇದೆ. ಆಕೆ ದುಡಿಯುತ್ತಾಳೆ ಅಂತ ತಂದೆಯ ಹೊಣೆ ಮಾಯವಾಗೋದಿಲ್ಲ, ಹಾಗೆಯೇ ಆಕೆಯ ಪಗಾರವನ್ನು ಲೆಕ್ಕದಿಂದ ಹೊರಗಿಡೋದೂ ಇಲ್ಲ. 2000ನೇ ಇಸವಿಯ ಒಂದು ಕೇಸಿನಲ್ಲಿ ಗಂಡನ ಪಗಾರ ಹೆಂಡತಿಯದಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು ಇತ್ತು. ಸುಪ್ರೀಂ ಕೋರ್ಟ್ ಇಬ್ಬರು ಮಕ್ಕಳಿಗೆ ತಲಾ 3,000 ರೂಪಾಯಿ ಬೇಕು ಅಂತ ಮೊದಲು ಗೊತ್ತು ಮಾಡಿ, ಅದನ್ನು ತಂದೆ ಎರಡು ಪಾಲು, ತಾಯಿ ಒಂದು ಪಾಲು ಹೊರಬೇಕು ಎಂದಿತು. ಮೊದಲು ಖರ್ಚು, ಆಮೇಲೆ ಪಾಲು. ನಮ್ಮ ಉದಾಹರಣೆಯಲ್ಲಿ 45,800 ಮತ್ತು 15,000 ಅಂದರೆ ಹೆಚ್ಚೂಕಡಿಮೆ ಮೂರಕ್ಕೆ ಒಂದು. 13,500ರಲ್ಲಿ ತಂದೆಯ ಪಾಲು ಮುಕ್ಕಾಲು, ಸುಮಾರು 10,100. ಕೈಗೆ ಬರುವ 32,000ವನ್ನೇ ಹಿಡಿದಿದ್ದರೆ 9,200ರ ಆಸುಪಾಸು ಬರುತ್ತಿತ್ತು. ವ್ಯತ್ಯಾಸ ತಿಂಗಳಿಗೆ ಸಾವಿರದ ಒಳಗೆ. ಆದರೆ ಮಗಳು ಎರಡನೇ ಕ್ಲಾಸಿನಲ್ಲಿದ್ದಾಳೆ, ಹತ್ತು ವರ್ಷಕ್ಕೆ ಲಕ್ಷದ ಮಾತು.

ಇದು ಗಣಿತದ ಉತ್ತರ. ನ್ಯಾಯಾಧೀಶರು ಇದಕ್ಕೆ ಕಟ್ಟುಬಿದ್ದಿಲ್ಲ. ತಂದೆಯ ಮೇಲೆ ವಯಸ್ಸಾದ ತಂದೆ-ತಾಯಿ ಅವಲಂಬಿತರಾಗಿದ್ದಾರಾ, ಮನೆ ಸ್ವಂತದ್ದಾ, ಇಬ್ಬರೂ ಜೊತೆಗಿದ್ದಾಗ ಮಗು ಯಾವ ಮಟ್ಟದಲ್ಲಿ ಬೆಳೆಯುತ್ತಿತ್ತು, ಇದೆಲ್ಲ ನೋಡುತ್ತಾರೆ. ದಿನವಿಡೀ ಮಗುವನ್ನು ನೋಡಿಕೊಳ್ಳುವ ತಾಯಿಯ ಕೆಲಸಕ್ಕೆ ಯಾರೂ ಪಗಾರ ಕೊಡೋದಿಲ್ಲ, ಹಾಗಾಗಿ ಆಕೆಯ ಪಾಲನ್ನು ಹಗುರ ಮಾಡೋದೂ ಉಂಟು. ದೆಹಲಿ ಹೈಕೋರ್ಟ್ 2004ರಲ್ಲಿ ಬೇರೊಂದು ರೀತಿ ಹೇಳಿತು. ಮನೆಯ ಆದಾಯವನ್ನೆಲ್ಲ ಒಂದು ಕಡೆ ಇಟ್ಟು, ದುಡಿಯುವ ಗಂಡನಿಗೆ ಎರಡು ಪಾಲು, ಉಳಿದ ಒಬ್ಬೊಬ್ಬರಿಗೆ ಒಂದೊಂದು ಪಾಲು. ಕೆಲವರು ಅದನ್ನೂ ಎತ್ತಿ ವಾದಿಸುತ್ತಾರೆ.

ಪೇ ಸ್ಲಿಪ್ ಇದ್ದವರ ಲೆಕ್ಕ ಇಷ್ಟು ಸಲೀಸು. ರೈಲ್ವೆ ನೌಕರ, ಬಸ್ ಕಂಡಕ್ಟರ್, ಮೇಷ್ಟ್ರು ಇವರ ಪಗಾರ ಮುಚ್ಚಿಡೋಕಾಗೋದಿಲ್ಲ. ಕಷ್ಟ ಇರೋದು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ, ಗದಗಿನ ಹೆಸರು-ಈರುಳ್ಳಿ ಬೆಳೆಯುವ ರೈತ, ದುರ್ಗದಬೈಲಿನಲ್ಲಿ ಬಟ್ಟೆ ಇಟ್ಟುಕೊಂಡವನು, ಇಂಥವರ ಆದಾಯದ ವಿಷಯದಲ್ಲಿ. "ಹೊಲ ಎಲ್ಲಾ ಅಪ್ಪನ ಹೆಸರಿನ್ಯಾಗ ಐತ್ರಿ, ನಾ ಬರೇ ದುಡಿಯಾಂವ" ಅನ್ನೋದು ತೀರಾ ಮಾಮೂಲಿ ಉತ್ತರ.

ಇದಕ್ಕೆ ಮದ್ದು ಬಂದದ್ದು 2020ರ ನವೆಂಬರ್ 4ರಂದು. ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಇನ್ನು ಮುಂದೆ ಎಲ್ಲ ಜೀವನಾಂಶದ ಕೇಸುಗಳಲ್ಲೂ ಗಂಡ-ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಬಗ್ಗೆ ಪ್ರಮಾಣಪತ್ರ ಕೊಡಲೇಬೇಕು ಎಂದಿತು. ನಮೂನೆಯನ್ನೂ ತೀರ್ಪಿನ ಜೊತೆಯೇ ಕೊಟ್ಟಿತು. ನೌಕರಿ-ವ್ಯಾಪಾರದವರಿಗೆ ಒಂದು, ಒಕ್ಕಲುತನದವರಿಗೆ ಇನ್ನೊಂದು. ಈ ಒಕ್ಕಲುತನದ ನಮೂನೆಯನ್ನು ಬಿಡಿಸಿ ನೋಡಿದರೆ ಬರೆದವರಿಗೆ ಹಳ್ಳಿ ಗೊತ್ತಿತ್ತು ಅನ್ನಿಸುತ್ತದೆ. ಹೊಲ ಎಷ್ಟು, ಯಾರ ಹೆಸರಲ್ಲಿದೆ, ಜಂಟಿ ಆಸ್ತಿಯಾ, ಯಾವ ಬೆಳೆ, ಕಳೆದ ಮೂರು ವರ್ಷದಲ್ಲಿ ಏನು ಬಂತು, ಲಾವಣಿಗೆ ಅಥವಾ ಪಾಲಿಗೆ ಬೇರೆಯವರ ಹೊಲ ಮಾಡಿದ್ದೀರಾ, ಎಮ್ಮೆ ಎಷ್ಟು, ಆಕಳು ಎಷ್ಟು, ಮೇಕೆ, ಕೋಳಿ, ಮೀನು, ಜೇನು ಸಾಕಿದ್ದೀರಾ, ಅದರಿಂದ ಎಷ್ಟು ಬರುತ್ತದೆ, ಬೆಳೆ ಸಾಲ ಇದೆಯಾ, ಎಲ್ಲ ಕೇಳುತ್ತದೆ. ಎಮ್ಮೆಯ ಲೆಕ್ಕವನ್ನು ಪ್ರಮಾಣ ಮಾಡಿ ಹೇಳಬೇಕು, ತಮಾಷೆಯಲ್ಲ. ಸುಳ್ಳು ಬರೆದರೆ ಅದಕ್ಕೇ ಬೇರೆ ಕ್ರಿಮಿನಲ್ ಕ್ರಮ ಆಗಬಹುದು.

ಎದುರು ಪಕ್ಷದವರು ಉತ್ತರದ ಜೊತೆ ಈ ಪ್ರಮಾಣಪತ್ರವನ್ನು ನಾಲ್ಕು ವಾರದೊಳಗೆ ಕೊಡಬೇಕು. "ಇನ್ನೊಂದು ತಾರೀಖು ಕೊಡ್ರಿ" ಅಂತ ಎರಡು ಸಲಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಸುಮ್ನೆ ಎಳೆದಾಡಿದರೆ ಕೋರ್ಟ್ ಅವರ ವಾದವನ್ನೇ ತೆಗೆದುಹಾಕಿ, ಇರುವ ಕಾಗದದ ಮೇಲೆ ತೀರ್ಮಾನ ಮಾಡಬಹುದು.

ತಾಯಿಯ ಕಡೆಯವರೂ ಕೈಕಟ್ಟಿ ಕೂತರೆ ಆಗೋದಿಲ್ಲ. ಪಹಣಿ ಯಾರು ಬೇಕಾದರೂ ತೆಗೆಸಬಹುದು. ಎ.ಪಿ.ಎಂ.ಸಿ.ಯಲ್ಲಿ ಮಾಲು ಮಾರಿದ ಪಟ್ಟಿ, ಮನೆ ಬಾಗಿಲಲ್ಲಿ ನಿಂತ ಟ್ರ್ಯಾಕ್ಟರಿನ ನಂಬರು, ಅಂಗಡಿಯ ಬೋರ್ಡಿನ ಮೇಲಿರುವ ಜಿ.ಎಸ್.ಟಿ. ನಂಬರು, ಇವೆಲ್ಲ ಮಾತಾಡುತ್ತವೆ. ಏನೂ ಸಿಗದಿದ್ದರೂ ಕೋರ್ಟ್ ಸೊನ್ನೆ ಬರೆಯೋದಿಲ್ಲ. ಮೈಯಲ್ಲಿ ಶಕ್ತಿ ಇರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ-ಮಕ್ಕಳನ್ನು ಸಾಕಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲೂ ಮತ್ತೆ ಹೇಳಿದೆ. ಹಾಗಾಗಿ ನೌಕರಿ ಬಿಟ್ಟೆ ಅಂತ ರಾಜೀನಾಮೆ ಪತ್ರ ತಂದು ತೋರಿಸುವವರಿಗೂ ಅದರಿಂದ ದೊಡ್ಡ ಲಾಭವಿಲ್ಲ.

ಹಣ ಯಾವ ದಿನದಿಂದ ಲೆಕ್ಕ? ಅದೇ 2020ರ ತೀರ್ಪಿನ ಪ್ರಕಾರ ಅರ್ಜಿ ಹಾಕಿದ ದಿನದಿಂದ. ಅರ್ಜಿ 2024ರ ಆಗಸ್ಟ್ 1ಕ್ಕೆ ಹಾಕಿ, ಆದೇಶ 2026ರ ಫೆಬ್ರವರಿ 1ಕ್ಕೆ ಬಂತು ಅಂದುಕೊಳ್ಳಿ. ತಿಂಗಳಿಗೆ 10,000 ಅಂದರೆ ಹದಿನೆಂಟು ತಿಂಗಳಿಗೆ 1,80,000. ನಡುವೆ ಮಧ್ಯಂತರ ಆದೇಶ ಆಗಿ ಹನ್ನೆರಡು ತಿಂಗಳು ಐದೈದು ಸಾವಿರ ಕೊಟ್ಟಿದ್ದರೆ ಆ 60,000 ಕಳೆದು 1,20,000 ಬಾಕಿ. ಮಧ್ಯಂತರ ಅರ್ಜಿಯನ್ನು ನೋಟಿಸು ಮುಟ್ಟಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಅಂತ ಕಾನೂನು ಹೇಳುತ್ತದೆ. ಆ "ಆದಷ್ಟು ಮಟ್ಟಿಗೆ" ಅನ್ನೋ ಸಂದಿಯಲ್ಲಿ ಎಷ್ಟು ತಾರೀಖು ಬೀಳುತ್ತವೆ ಅನ್ನೋದು ಕೋರ್ಟ್ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಅದಕ್ಕೇ, ಹಿರಿಯರು ಕೂತು ಮಾತಾಡಲಿ ನೋಡೋಣ ಅಂತ ವರ್ಷಗಟ್ಟಲೆ ಅರ್ಜಿ ಹಾಕದೆ ಕೂರೋದು ದುಬಾರಿ. ಮಾತುಕತೆ ಒಂದು ಕಡೆ ನಡೆಯಲಿ, ಅರ್ಜಿ ಒಂದು ಕಡೆ ಇರಲಿ. ತವರು ಗದಗಿನಲ್ಲಿದ್ದರೆ ಗದಗಿನಲ್ಲೇ ಹಾಕಬಹುದು, ಗಂಡನ ಊರಿಗೇ ಹೋಗಬೇಕೆಂದಿಲ್ಲ.

ಎರಡು ಮೂರು ಕಾಯ್ದೆಯಲ್ಲಿ ಒಟ್ಟಿಗೆ ಕೇಸು ಹಾಕಿದರೆ ಹಣ ಕೂಡುತ್ತಾ ಹೋಗೋದಿಲ್ಲ. ಒಂದು ಕಡೆ ಮಗುವಿಗೆ 6,000 ಆಗಿದ್ದು, ಇನ್ನೊಂದು ಕಡೆ 10,000 ಆದರೆ ಮೊದಲಿನದನ್ನು ಹೊಂದಿಸುತ್ತಾರೆ, 16,000 ಆಗೋದಿಲ್ಲ. ಮೊದಲಿನ ಆದೇಶವನ್ನು ಎರಡನೇ ಕೋರ್ಟಿಗೆ ಹೇಳೋದು ಅರ್ಜಿದಾರರ ಹೊಣೆ. ಬಚ್ಚಿಡಬೇಡಿ.

ಜನ ಲೆಕ್ಕದೊಳಗೆ ತಂದು ತುರುಕುವ, ಲೆಕ್ಕಕ್ಕೆ ಸಂಬಂಧವೇ ಇಲ್ಲದ ಕೆಲವು ವಿಷಯಗಳಿವೆ. ತಪ್ಪು ಯಾರದು ಅನ್ನೋದು ಅವುಗಳಲ್ಲಿ ಮೊದಲನೆಯದು. ಹೆಂಡತಿಯ ಜೀವನಾಂಶಕ್ಕೆ ಆಕೆಯ ನಡತೆಯ ಪ್ರಶ್ನೆ ಅಡ್ಡ ಬರಬಹುದು, ಮಗುವಿನದಕ್ಕೆ ಬರೋದಿಲ್ಲ. ಅಪ್ಪ-ಅವ್ವ ಜಗಳಾಡಿದ್ದಕ್ಕೆ ಮಗು ಹಾಲು ಬಿಡಬೇಕಾ? ಮದುವೆಯಾಗದೆ ಹುಟ್ಟಿದ ಮಗುವಿಗೂ 144ರಲ್ಲಿ ಹಕ್ಕಿದೆ. "ಮಗುನ ಭೆಟ್ಟಿ ಮಾಡ್ಸೂದಿಲ್ಲ, ರೊಕ್ಕ ಯಾಕ ಕೊಡ್ಲಿ" ಅನ್ನೋ ಮಾತು ಸಹಜ, ಅದರ ಹಿಂದಿನ ಸಂಕಟವೂ ಸುಳ್ಳಲ್ಲ. ಆದರೆ ಭೇಟಿಗೆ ಬೇರೆ ಅರ್ಜಿ ಹಾಕಬೇಕು. ಅದನ್ನು ನೆಪ ಮಾಡಿಕೊಂಡು ಹಣ ನಿಲ್ಲಿಸಿದರೆ ಬಾಕಿ ಏರುತ್ತದೆ. ಹಾಗೆಯೇ ಹಣ ಬಂದಿಲ್ಲ ಅಂತ ಮಗುವನ್ನು ತೋರಿಸದೇ ಇರೋದೂ ಸರಿಯಲ್ಲ. ಇನ್ನೊಂದು, ದೀಪಾವಳಿಗೆ ತಂದ ಡ್ರೆಸ್ಸು, ಕೈಗಿಟ್ಟ ಐನೂರರ ನೋಟು, ಕೊಡಿಸಿದ ಸೈಕಲ್ಲು ಇವ್ಯಾವೂ ಜೀವನಾಂಶಕ್ಕೆ ಜಮಾ ಆಗೋದಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹಾಕಿ, ಆಗ ಇಬ್ಬರಿಗೂ ದಾಖಲೆ ಇರುತ್ತದೆ. ಶಾಲೆಯ ಫೀಯನ್ನು ನೇರವಾಗಿ ಶಾಲೆಗೇ ಕಟ್ಟುತ್ತೇನೆ ಅನ್ನುವ ತಂದೆ ಅದನ್ನು ಆದೇಶದಲ್ಲೇ ಬರೆಸಿಕೊಳ್ಳಬೇಕು.

ಒಪ್ಪಿಗೆಯ ವಿಚ್ಛೇದನದಲ್ಲಿ "ಇಷ್ಟು ಲಕ್ಷ ಒಮ್ಮೆಗೇ ಕೊಟ್ಟೆ, ಇನ್ನು ನನಗೂ ಮಗುವಿಗೂ ಏನೂ ಬೇಡ ಅಂತ ತಾಯಿ ಸಹಿ ಹಾಕಿದ್ದಾಳೆ" ಅನ್ನೋ ಕಾಗದಗಳು ಬಹಳ. ತಾಯಿ ತನ್ನ ಹಕ್ಕನ್ನು ಬಿಟ್ಟುಕೊಡಬಹುದು, ಮಗುವಿನ ಹಕ್ಕು ಆಕೆಯದಲ್ಲ, ಬಿಟ್ಟುಕೊಡೋಕೆ ಬರೋದಿಲ್ಲ. ಇಂಥ ಒಪ್ಪಂದ ಮಾಡುವವರು ಮಗುವಿನ ಹಣವನ್ನು ಬೇರೆಯೇ ತೋರಿಸಿ, ಮಗುವಿನ ಹೆಸರಿನಲ್ಲಿ ಠೇವಣಿ ಇಡೋದು ಇಬ್ಬರಿಗೂ ಒಳ್ಳೆಯದು.

ಒಮ್ಮೆ ಆದ ಆದೇಶ ಕೊನೆಯದಲ್ಲ. ಪರಿಸ್ಥಿತಿ ಬದಲಾದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಲ್ಲಿ ಹೆಚ್ಚಿಸೋಕೂ ಇಳಿಸೋಕೂ ಕೇಳಬಹುದು. ಹತ್ತನೇ ಕ್ಲಾಸು ಮುಗಿದು ಧಾರವಾಡದಲ್ಲಿ ಪಿ.ಯು. ಸೈನ್ಸ್ ಸೇರಿಸಿದರೆ ಖರ್ಚು ಎಲ್ಲಿಗೆ ಹಾರುತ್ತದೆ ಗೊತ್ತಲ್ಲ. ರಜನೀಶ್-ನೇಹಾ ಕೇಸಿನ ಮಗನಿಗೇ 2013ರಿಂದ ತಿಂಗಳಿಗೆ 5,000 ಇದ್ದದ್ದು 2015ರ ಸೆಪ್ಟೆಂಬರ್‌ನಿಂದ 10,000 ಅಂತ ಕುಟುಂಬ ನ್ಯಾಯಾಲಯ ಆದೇಶದಲ್ಲೇ ಬರೆದಿತ್ತು. ವರ್ಷ ವರ್ಷಕ್ಕೆ ಇಂತಿಷ್ಟು ಏರಬೇಕು ಅಂತ ಮೊದಲ ಅರ್ಜಿಯಲ್ಲೇ ಕೇಳಿಕೊಂಡರೆ ಪದೇ ಪದೇ ಅಲೆಯೋದು ತಪ್ಪುತ್ತದೆ.

ಹದಿನೆಂಟು ತುಂಬಿದ ಮೇಲೆ? ಸಾಮಾನ್ಯವಾಗಿ 144ರ ಆದೇಶ ಅಲ್ಲಿಗೆ ನಿಲ್ಲುತ್ತದೆ. ಅಂಗವಿಕಲತೆ ಅಥವಾ ಮಾನಸಿಕ ತೊಂದರೆಯಿಂದ ತಾನೇ ದುಡಿದುಕೊಳ್ಳಲಾರದ ಮಗುವಿಗೆ ಮುಂದುವರಿಯುತ್ತದೆ. ಹಿಂದೂ ಹೆಣ್ಣುಮಕ್ಕಳ ವಿಷಯ ಬೇರೆ. ಮದುವೆಯಾಗದ, ತನ್ನ ಖರ್ಚು ತಾನು ನೋಡಿಕೊಳ್ಳಲಾಗದ ಮಗಳು 1956ರ ಕಾಯ್ದೆಯ 20ನೇ ಕಲಮಿನಲ್ಲಿ ಹದಿನೆಂಟರ ನಂತರವೂ ತಂದೆಯನ್ನು ಕೇಳಬಹುದು. ಅದಕ್ಕೆ ಬೇರೆ ಅರ್ಜಿ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಆದೇಶ ಆಗಿಯೂ ಹಣ ಬರದಿದ್ದರೆ. ವಸೂಲಿಗೆ ಅರ್ಜಿ ಹಾಕಿದರೆ ಕೋರ್ಟ್ ವಾರಂಟ್ ಕೊಡುತ್ತದೆ, ಆಗಲೂ ಕಟ್ಟದಿದ್ದರೆ ಬಾಕಿಯ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದೆ, ಬಾಕಿ ತೀರಿತು ಅನ್ನೋದು ತಪ್ಪು. ಜೈಲಾದರೂ ಹಣ ಹಾಗೇ ಉಳಿದಿರುತ್ತದೆ. ಸಿವಿಲ್ ಕೋರ್ಟಿನ ತೀರ್ಪನ್ನು (ಡಿಕ್ರಿ) ಜಾರಿ ಮಾಡಿಸುವ ಹಾಗೆ ಪಗಾರವನ್ನೂ ಜಪ್ತಿ ಮಾಡಿಸಬಹುದು. ಬೇರೆ ಸಾಲಕ್ಕೆ ಪಗಾರದ ಬಹುಪಾಲು ಮುಟ್ಟುವ ಹಾಗಿಲ್ಲ, ಜೀವನಾಂಶಕ್ಕಾದರೆ ಮೂರನೇ ಒಂದು ಭಾಗ ಮಾತ್ರ ನೌಕರನಿಗೆ ಉಳಿಸಿದರೆ ಸಾಕು. ಆದರೆ 144ರ ವಾರಂಟಿಗೆ ಒಂದು ಗಡುವಿದೆ, ಹಣ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಬರ್ತದ ತಗೋ" ಅಂತ ಎರಡು ವರ್ಷ ಕಾದವರು ಹಳೇ ತಿಂಗಳುಗಳಿಗೆ ಈ ವಾರಂಟಿನ ದಾರಿಯನ್ನು ಕಳೆದುಕೊಂಡಿರುತ್ತಾರೆ.

ವಕೀಲರಿಗೆ ಫೀ ಕೊಡೋಕಾಗೋದಿಲ್ಲ ಅನ್ನುವವರಿಗೆ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲೂಕಿನಲ್ಲಿ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಮದುವೆಯ ಒಂದು ಫೋಟೋ ಅಥವಾ ಲಗ್ನಪತ್ರಿಕೆ, ಆಧಾರ್, ನಿಮ್ಮ ಬ್ಯಾಂಕ್ ಪಾಸ್‌ಬುಕ್, ಮಗುವಿನ ಫೀ ರಸೀದಿ ಮತ್ತು ದವಾಖಾನೆ ಚೀಟಿಗಳು, ಗಂಡನ ಪಹಣಿಯೋ ಪೇ ಸ್ಲಿಪ್ಪೋ ಸಿಕ್ಕರೆ ಅದೂ, ಎಲ್ಲದರ ಎರಡೆರಡು ಝೆರಾಕ್ಸ್ ತೆಗೆಸಿಕೊಂಡು ಹೋಗಿ.